ಅಧ್ಯಕ್ಷಮ್ಮನ ರಾಶಿ

ಅಧ್ಯಕ್ಷಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅರೇಹಳ್ಳಿ ಬಸ್ಸಿನಲ್ಲಿ. ಬೇಲೂರಿಗೆ ವರ್ಗವಾಗಿ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಪಕ್ಕದಲ್ಲಿ ಬಂದು ಕುಳಿತ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ನಾನು ಅವರ ತಾಲ್ಲೂಕಿನಲ್ಲಿ ಕೆಲಸ ಮಾಡಿದವನೆಂದು ತಿಳಿದು, 'ಕಣಕಟ್ಟೆ ಕಡೆ ಆ ನಾರಿನ ಸಂಘದ ಯಮ್ಮ ಹೋಗ್ಬುಟ್ರಲ್ಲ ಸಾರ್, ಹೋದ ತಿಂಗಳು' ಎಂದರು. ಹೇಳಿ, ಕಿಟಕಿಯಿಂದಾಚೆ ಎಲೆಯಡಿಕೆ ಉಗಿದು, ಮೆಣಸಿನ ಧಾರಣೆಯ ಮಾತಿಗೆ ಹೋದರು. ನನಗೆ ಬೇಸರವಾಯಿತು, ಅಳು ಬರಲಿಲ್ಲ. ಎದುರಿಗಿದ್ದವರಿಗೆ ಅಳಲು ಪುರಸೊತ್ತು ಕೊಟ್ಟ ಹೆಂಗಸಲ್ಲ ಅವರು.

ಅವರಿಗೆ ಹೆಸರಿತ್ತು. ಆದರೆ ಆ ಹೆಸರಿನಿಂದ ಕರೆದವರನ್ನು ನಾನು ನೋಡಲಿಲ್ಲ. ತೆಂಗಿನ ನಾರಿನ ಮಹಿಳಾ ಸಂಘ ಶುರುವಾದಾಗ ಅಧ್ಯಕ್ಷರಾದರು, ಊರಿಗೆಲ್ಲ ಅಧ್ಯಕ್ಷಮ್ಮ ಆದರು. ನಡುವೆ ಒಂದು ಸಲ ಬೇರೆಯವರು ಆರಿಸಿ ಬಂದರು. ಆ ಹೊಸ ಅಧ್ಯಕ್ಷೆಯೇ ಇವರನ್ನು 'ಅಧ್ಯಕ್ಷಮ್ಮಾರೆ' ಎಂದು ಕರೆಯುತ್ತಿದ್ದುದನ್ನು ಕಿವಿಯಾರೆ ಕೇಳಿದ್ದೇನೆ. ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಊರಿನವರೇ 'ಇದ್ಯಾರಪ್ಪಾ' ಎಂದಾರು.

ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕಾಲಲ್ಲಿ ಗಂಡಸರ ಟೈರ್ ಚಪ್ಪಲಿ. ಸಂಘಕ್ಕೊಂದು ಆಫೀಸಿತ್ತು, ಅದರಲ್ಲಿ ಕುರ್ಚಿಗಳೂ ಇದ್ದವು, ಆದರೆ ಅವರು ಸಭೆ ಮಾಡುತ್ತಿದ್ದುದು ನಡೆಯುತ್ತ. ತೋಟದ ಬದುವಿನ ಮೇಲೆ ಅವರು ಮುಂದೆ, ಸದಸ್ಯರು ಹಿಂದೆ. ಮಾತಾಡಬೇಕಾದವರು ಓಡಿ ಬಂದು ಅವರ ಪಕ್ಕ ಸೇರಿಕೊಳ್ಳಬೇಕು. ಇದರಿಂದ ಒಂದು ಅನುಕೂಲವಿತ್ತು: ಸುಮ್ಮನೆ ಮಾತಾಡುವ ಚಟದವರು ಅರ್ಧ ದಾರಿಯಲ್ಲೇ ಏದುಸಿರು ಬಿಟ್ಟು ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆ ತಾಲ್ಲೂಕಿಗೆ ಗ್ರಾಮೀಣ ಕೈಗಾರಿಕೆಯ ವಿಸ್ತರಣಾಧಿಕಾರಿಯಾಗಿ ಹೋದೆ. ಮೊದಲ ಸಲ ನನ್ನ ಲೂನಾ ಅವರ ಶೆಡ್ಡಿನ ಮುಂದೆ ನಿಂತಾಗ ಮೇಲಿಂದ ಕೆಳಗೆ ನೋಡಿ, 'ಏನ್ ಓದಿದ್ದೀರಿ ಸಾರ್?' ಎಂದರು.

'ಬಿ.ಕಾಂ.'

'ಅಂಗಾರೆ ನಾರಿನ ವಿಷಯ ನಿಮಗೆ ಗೊತ್ತಿಲ್ಲ. ಒಳ್ಳೇದಾಯ್ತು ಬನ್ನಿ. ಗೊತ್ತಿರೋರು ಬಂದು ನಮ್ಮ ಪ್ರಾಣ ತಿಂತಾರೆ.'

ಕಾಫಿ ಬಂತು. ಅದರ ಜೊತೆಗೆ ಒಂದು ಹಿಡಿ ನಾರೂ ಬಂತು, ಕೈಯಲ್ಲಿ ಹೊಸೆದು ನೋಡಲು. ನಾನು ಹೊಸೆದದ್ದನ್ನು ನೋಡಿ ಹಗ್ಗದ ರಾಟೆಯ ಮುಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅವರದು ತೆಂಗಿನ ತೋಟಗಳಿದ್ದ, ಕೊಬ್ಬರಿ ವ್ಯಾಪಾರವಿದ್ದ, ಮಠದವರು ಬಂದರೆ ಬಿನ್ನಹ ಮಾಡಿ ಉಣಬಡಿಸುವ ಮನೆ. ಸಂಘ ಕಟ್ಟಿಕೊಂಡು ಒದ್ದಾಡಬೇಕಾದ ದರ್ದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯವರು ಜಪ ಮಾಡಿಕೊಂಡಿರಿ ಎಂದರಂತೆ. 'ಮಣಿ ಎಣಿಸ್ತಾ ಕೂತ್ರೆ ಶಿವನಿಗೂ ಬೇಜಾರು, ನನಗೂ ಬೇಜಾರು. ಅದಕ್ಕೇ ರಾಟೆ ತಂದೆ' ಎನ್ನುತ್ತಿದ್ದರು. ನಿಜವಾದ ಕಾರಣ ಬೇರೆ ಇತ್ತು. ಆ ಊರಿನಲ್ಲಿ ತೋಟವಿಲ್ಲದ ಮನೆಗಳ ಹೆಂಗಸರಿಗೆ ಕಾಯಿ ಸುಲಿಯುವ ಕಾಲ ಬಿಟ್ಟರೆ ಕೈಗೆ ಕೆಲಸವಿರಲಿಲ್ಲ. ಸುಲಿದ ಕಾಯಿಯ ಮಟ್ಟೆ ಮಾತ್ರ ತೋಟಗಳಲ್ಲಿ ಗುಡ್ಡೆಗುಡ್ಡೆ ಬಿದ್ದಿರುತ್ತಿತ್ತು. ಮಟ್ಟೆ ನೆನೆಸಿ, ಯಂತ್ರಕ್ಕೆ ಕೊಟ್ಟು, ನಾರು ಬಿಡಿಸಿ, ಹಗ್ಗ ಹೊಸೆದರೆ ವರ್ಷವಿಡೀ ಕೂಲಿ. ಇಷ್ಟೇ ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮಟ್ಟೆ ಅಲ್ಲಿಯವರೆಗೆ ಸುಮ್ಮನೆ ಬಿದ್ದಿರಲಿಲ್ಲ ಎಂಬುದು ಮಟ್ಟೆ ಖಾಲಿಯಾದ ಮೇಲೆ ಗೊತ್ತಾಯಿತು. ಮರದ ಬುಡದಲ್ಲಿ ಹೂತ ಮಟ್ಟೆ ಬೇಸಿಗೆಯಲ್ಲಿ ನೀರು ಹಿಡಿದಿಡುತ್ತಿತ್ತು. ಈಗ ತೋಟಗಳ ನೆಲ ಬೇಗ ಒಣಗತೊಡಗಿತು. ಇತ್ತ ನೆನೆಸಿದ ಗುಂಡಿಯ ನೀರು ಕಾಲುವೆ ಹಿಡಿದು ಕೆರೆಗೆ ಹೋಗುತ್ತಿತ್ತು.

ಕೆರೆಯ ಜಗಳ ನಾನು ಹೋದ ವರ್ಷವೇ ಶುರುವಾಯಿತು. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ಎಮ್ಮೆಗಳು ಮೂಸಿ ನೋಡಿ ವಾಪಸು ಬರುತ್ತವೆ ಎಂದು ಜನ ದೂರು ಹೇಳಿದರು. ಅಧ್ಯಕ್ಷಮ್ಮ ವಾದ ಮಾಡಲಿಲ್ಲ. ಪೆಟ್ಟಿಗೆಯಿಂದ ಒಂದು ತಿಳಿ ಹಳದಿ ಸೀರೆ ತೆಗೆದುಕೊಂಡು ಹೋಗಿ, ಎಲ್ಲರ ಎದುರಿಗೆ ಕೆರೆಯಲ್ಲಿ ಒಗೆದು, ಏರಿಯ ಮೇಲೆ ಹರವಿದರು. ಒಣಗಿದ ಸೀರೆಯ ತುಂಬ ಕಂದು ಕಲೆ. ಅದನ್ನೇ ಉಟ್ಟುಕೊಂಡು ಮುಂದಿನ ಸಭೆಗೆ ಬಂದರು. 'ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಕಣ್ರೀ? ನಾವು ಹಚ್ಚಿದ ಬಣ್ಣ ಇದು. ಈ ಗುಂಡಿ ಮುಚ್ಚಿ' ಎಂದರು. ಶೆಡ್ಡಿನ ಹಿಂದೆ ಸಿಮೆಂಟಿನ ತೊಟ್ಟಿಯಾಯಿತು, ಅದೇ ನೀರನ್ನು ಮತ್ತೆ ಮತ್ತೆ ಬಳಸುವುದೆಂದಾಯಿತು. ಆ ಸೀರೆಯನ್ನು ಅವರು ಮುಂದೆಯೂ ಉಡುತ್ತಿದ್ದರು. ಒಳ್ಳೆಯ ಸೀರೆ, ಕಲೆಯಾಯಿತೆಂದು ಬಿಸಾಕುವ ಜಾಯಮಾನ ಅವರದಲ್ಲ.

ಹೆಂಗಸರ ಕೂಲಿ ತಪ್ಪಬಾರದು, ತೋಟ ಒಣಗಬಾರದು, ಕೆರೆ ಕೆಡಬಾರದು. ಅವರಿಗೆ ಬೇಕಾಗಿದ್ದುದು ಈ ಮೂರೇ. ಮೂರೂ ಒಟ್ಟಿಗೆ ಆಗುವುದಿಲ್ಲ ಎಂದು ನಾನು ಸರ್ಕಾರಿ ನೌಕರನ ಅನುಭವದಿಂದ ಹೇಳುತ್ತಿದ್ದೆ. ಹಾಸನದ ಒಂದು ತರಬೇತಿಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಉಪನ್ಯಾಸಕರು ಬೋರ್ಡಿನ ಮೇಲೆ ಒಂದರೊಳಗೊಂದು ಹಾಯುವಂತೆ ಮೂರು ವೃತ್ತಗಳನ್ನು ಬರೆದರು. ಒಂದು ಆರ್ಥಿಕ, ಒಂದು ಸಾಮಾಜಿಕ, ಒಂದು ಪರಿಸರ. ಮೂರೂ ಸೇರುವ ನಡುವಿನ ಜಾಗಕ್ಕೆ ಬಣ್ಣ ತುಂಬಿ, ಸುಸ್ಥಿರ ಅಭಿವೃದ್ಧಿ ಎಂದರೆ ಇದು ಎಂದರು. ಅಧ್ಯಕ್ಷಮ್ಮ ಎದ್ದು ನಿಂತರು.

'ಸ್ವಾಮಿ, ಸೊನ್ನೆ ಇಷ್ಟು ದೊಡ್ಡದು ಬರೆದು ನಡುವೆ ಜಾಗ ಇಷ್ಟೇ ಬಿಟ್ಟಿದ್ದೀರಲ್ಲ. ಅಲ್ಲಿಗೆ ಹೋಗೋರು ತಮ್ಮದು ಏನಾರ ಆಚೆ ಬಿಟ್ಟು ಹೋಗ್ಬೇಕಾ?'

ಉಪನ್ಯಾಸಕರು ಒಳ್ಳೆಯ ಪ್ರಶ್ನೆ ಎಂದರು. ಉತ್ತರ ಊಟದ ನಂತರ ಎಂದರು. ಊಟದ ನಂತರ ಬೇರೆ ಉಪನ್ಯಾಸಕರು ಬಂದರು.

ಅಧ್ಯಕ್ಷಮ್ಮ ಸಂತರೇನೂ ಅಲ್ಲ. ವ್ಯಾಪಾರದ ರಕ್ತ ಚೆನ್ನಾಗಿಯೇ ಹರಿಯುತ್ತಿತ್ತು. ಒಂದು ಸಲ ಸಂಘದ ಹೆಂಗಸರನ್ನೆಲ್ಲ ಟೆಂಪೋದಲ್ಲಿ ಬೇಲೂರು, ಹಳೇಬೀಡು ತೋರಿಸಲು ಕರೆದುಕೊಂಡು ಹೋದರು. ಹೆಂಗಸರು ಗುಡಿ ಸುತ್ತುತ್ತಿದ್ದರೆ ಇವರು ಹೊರಗಿನ ಅಂಗಡಿಗಳಲ್ಲಿ ಸುತ್ತಿದರು. ಬಳಪದ ಕಲ್ಲಿನ ಸಣ್ಣ ವಿಗ್ರಹ ಮಾರುವವರು ಗಣಪತಿಯ ಸೊಂಡಿಲು ಮುರಿಯದಂತೆ ಹುಲ್ಲಿನಲ್ಲಿ ಸುತ್ತಿ ಕೊಡುತ್ತಿದ್ದುದು ಕಣ್ಣಿಗೆ ಬಿತ್ತು. 'ಏನಪ್ಪಾ, ದೇವ್ರಿಗೆ ದನದ ಮೇವು ಹೊದಿಸ್ತೀಯಾ? ನಮ್ಮ ನಾರು ತಗೋ, ಅಮೆರಿಕಾದವರೆಗೂ ಸೊಂಡಿಲು ಗಟ್ಟಿಯಾಗಿರ್ತದೆ' ಎಂದು ಹಿಡಿದುಬಿಟ್ಟರು. ಬರುವಾಗ ಆರ್ಡರ್ ಜೊತೆಗಿತ್ತು. ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಎಲ್ಲರೂ ಬುತ್ತಿ ಬಿಚ್ಚಿದಾಗ, ಗುಡಿ ನೋಡಿದಿರಾ ಎಂದು ಯಾರೋ ಕೇಳಿದರಂತೆ. 'ಅದು ಎಲ್ಲೋಯ್ತದೆ? ಅಷ್ಟು ವರ್ಷದಿಂದ ಅಲ್ಲೇ ಐತೆ' ಎಂದರಂತೆ.

ಇಷ್ಟು ಚುರುಕಿನವರು ಮಾಡಿದ ತಪ್ಪೂ ಚುರುಕಾಗಿಯೇ ಇತ್ತು.

ನಾರು ಬಿಡಿಸಿದ ಮೇಲೆ ಉಳಿಯುವುದು ಮಟ್ಟೆ ಪುಡಿ. ಹಗುರವಾದ, ಕಂದು ಬಣ್ಣದ, ಗಾಳಿಗೆ ಹಾರುವ ಪುಡಿ. ಶೆಡ್ಡಿನ ಹಿಂದೆ ಅದರ ಗುಡ್ಡವೇ ಬೆಳೆಯಿತು. ಮಳೆ ಬಂದರೆ ಅದರ ನೀರು ಮತ್ತೆ ಕಾಲುವೆಗೆ, ಅಲ್ಲಿಂದ ಕೆರೆಗೆ. ಪುಡಿಗೆ ನೀರು ಕುಡಿಯುವ ಗುಣ ಬಹಳ. ಅಧ್ಯಕ್ಷಮ್ಮನಿಗೆ ಥಟ್ಟನೆ ಹೊಳೆಯಿತು: ಮಟ್ಟೆ ತಂದ ಗಾಡಿ ಖಾಲಿ ಹೋಗಬಾರದು, ಪುಡಿ ತುಂಬಿಕೊಂಡು ಹೋಗಬೇಕು. ತೋಟದಿಂದ ಬಂದದ್ದು ತೋಟಕ್ಕೆ. ಬುಡಕ್ಕೆ ಹಾಕಿದರೆ ತೇವ ನಿಲ್ಲುತ್ತದೆ, ಕೆರೆಯೂ ಉಳಿಯುತ್ತದೆ, ರಾಟೆಯೂ ತಿರುಗುತ್ತದೆ. ಕೇಳಿದರೆ ಯಾರಾದರೂ ಒಪ್ಪುವಂಥ ಮಾತು. ನಾನೂ ಒಪ್ಪಿದೆ, ಮೇಲಿನವರಿಗೆ ಹೊಗಳಿ ವರದಿಯನ್ನೂ ಕಳಿಸಿದೆ. ಊರಿನ ಎಲ್ಲ ತೋಟಗಳಿಗೂ ಪುಡಿ ಹೋಯಿತು. ಒಲ್ಲೆ ಎಂದವರ ಗಾಡಿಗೂ ಅಧ್ಯಕ್ಷಮ್ಮನೇ ನಿಂತು ತುಂಬಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ತೋಟಗಳ ಎಳೆ ಸಸಿಗಳೆಲ್ಲ ಹಳದಿಗೆ ತಿರುಗಿದವು. ದೊಡ್ಡ ಮರಗಳು ತಡೆದುಕೊಂಡವು, ಹೊಸದಾಗಿ ಇಟ್ಟ ಸಸಿಗಳು ಸೊರಗಿ ನಿಂತವು. ಹಸಿ ಪುಡಿ ಕೊಳೆಯುವಾಗ ಮಣ್ಣಿನ ಸಾರವನ್ನು ತಾನೇ ತಿಂದುಬಿಡುತ್ತದೆ, ಮೊದಲು ಅದನ್ನು ಸಗಣಿ ಸೇರಿಸಿ ರಾಶಿ ಹಾಕಬೇಕು, ಅದು ಒಳಗೊಳಗೇ ಬಿಸಿಯೇರಿ ಕೊಳೆತು ಕಳಿಯಬೇಕು ಎಂದು ಕೃಷಿ ಕಾಲೇಜಿನವರು ಬಂದು ನೋಡಿ ಹೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತೋಟದವರು ಮಟ್ಟೆ ಕೊಡುವುದನ್ನು ನಿಲ್ಲಿಸಿದರು. ಯಂತ್ರ ನಿಂತಿತು, ರಾಟೆಗಳು ನಿಂತವು. ಹೆಂಗಸರು ಬೆಳಿಗ್ಗೆ ಅಭ್ಯಾಸಬಲದಿಂದ ಶೆಡ್ಡಿಗೆ ಬಂದು, ಕೂತು, ಎದ್ದು ಹೋಗುತ್ತಿದ್ದರು.

ಆಗ ಅಧ್ಯಕ್ಷಮ್ಮ ಮಾಡಿದ್ದನ್ನು ಬೇರೆ ಯಾವ ಸಂಘದ ಅಧ್ಯಕ್ಷರೂ ಮಾಡಿದ್ದು ನಾನು ಕಂಡಿಲ್ಲ. ಒಂದೊಂದು ತೋಟಕ್ಕೂ ಹೋಗಿ, ಹಳದಿ ಸಸಿಯ ಪಕ್ಕ ಬದುವಿನ ಮೇಲೆ ಕುಳಿತು, ಮಾಲೀಕರನ್ನು ಕರೆಸಿ, 'ಬೈಯ್ರಿ ನನ್ನ' ಎನ್ನುತ್ತಿದ್ದರು. ಮೊದಲು ಹೋಗಿದ್ದು ಸ್ವಂತ ಮೈದುನನ ತೋಟಕ್ಕೆ. ನಾನೂ ಜೊತೆಗಿದ್ದೆ. ಆತ ತಲೆ ತಗ್ಗಿಸಿ ನಿಂತ.

'ಹೋಗ್ಲಿ ಬಿಡಿ ಅತ್ತಿಗೆ, ಆಗಿದ್ದಾಯ್ತು.'

'ಹೋಗ್ಲಿ ಬಿಡಿ ಅಂತ ಬಾಯಲ್ಲಿ ಅನ್ನೋದು, ಹಟ್ಟಿ ಮುಂದೆ ಕೂತು ನಾಲ್ಕು ಜನಕ್ಕೆ ಹೇಳ್ಕೊಂಡು ಬೈಯೋದು. ಅದೆಲ್ಲ ಬ್ಯಾಡ. ಈಗಲೇ ಬೈದು ಮುಗಿಸು. ಬಾಕಿ ಇಟ್ಕೋಬ್ಯಾಡ.'

'ದೊಡ್ಡೋರಿಗೆ ಹೆಂಗೆ ಬೈಯಾನ?'

'ದೊಡ್ಡೋಳು ಅಂತ ನೆಪ್ಪಿದ್ರೆ ಬೈಗುಳ ಬರಾಕಿಲ್ಲ. ಮರೆತು ಬೈಯಿ.'

ಆತ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಬೈದ. ಸಂಘಕ್ಕೆ, ಸರ್ಕಾರಕ್ಕೆ, ಕೊನೆಗೆ ಅಲ್ಲೇ ಇದ್ದ ನನಗೂ ಒಂದೆರಡು ಬಿತ್ತು. ಬೈದು ಸುಸ್ತಾದ ಮೇಲೆ ಎಳನೀರು ಕೆತ್ತಿಸಿ ಕೊಟ್ಟ. ಹೀಗೆ ಊರೆಲ್ಲ ತಿರುಗಿದರು. ಬೈಗುಳ ಮುಗಿದ ತೋಟದಿಂದ ಮಟ್ಟೆ ಬರತೊಡಗಿತು, ಒಂದು ಷರತ್ತಿನ ಮೇಲೆ: ಪುಡಿ ಇನ್ನು ಹಸಿಯಾಗಿ ತೋಟಕ್ಕೆ ಬರಕೂಡದು, ಕಳಿತು ಗೊಬ್ಬರವಾಗಿಯೇ ಬರಬೇಕು.

ಗೊಬ್ಬರ ಮಾಡಲು ಜಾಗ ಬೇಕು. ರಾಶಿ ಒಂದೆಡೆ ತಿಂಗಳುಗಟ್ಟಲೆ ಕೂರಬೇಕು. ತಗ್ಗಿನಲ್ಲಿ ಹಾಕಿದರೆ ಅದರ ನೀರು ಕೆರೆಗೆ. ಗೋಮಾಳ ಕೆರೆಯ ಅಂಗಳಕ್ಕೆ ಅಂಟಿಕೊಂಡಿತ್ತು. ಊರಿನಲ್ಲಿ ಕೆರೆಯ ಕಡೆ ಇಳಿಜಾರಿಲ್ಲದ ಎತ್ತರದ ಜಾಗ ಒಂದೇ. ಅದು ಅಧ್ಯಕ್ಷಮ್ಮನ ಮನೆಯವರ ತೋಟದ ಸಣ್ಣ ದಿಣ್ಣೆ. ಅಲ್ಲಿ ಅವರ ಅತ್ತೆ ಮಾವನ ಸಮಾಧಿಗಳಿದ್ದವು, ಗಂಡನ ಸಮಾಧಿ ಇತ್ತು, ಗಂಡನ ಪಕ್ಕದಲ್ಲಿ ಅವರಿಗೆಂದು ಬಿಟ್ಟ ಜಾಗವಿತ್ತು. ಸಮಾಧಿಗಳ ಸುತ್ತ ಓಡಾಡುವಷ್ಟು ದಾರಿ ಬಿಟ್ಟು, ಉಳಿದ ದಿಣ್ಣೆಯನ್ನೆಲ್ಲ, ತಮ್ಮ ಜಾಗವನ್ನೂ ಸೇರಿಸಿ, ರಾಶಿಗೆ ಬಿಟ್ಟುಕೊಟ್ಟರು.

ಮನೆಯಲ್ಲಿ ರಾಮಾಯಣವಾಯಿತು. ಮಗ ಕೊಬ್ಬರಿ ಮಂಡಿ ನೋಡಿಕೊಳ್ಳುತ್ತಿದ್ದವನು, ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಅವನು ಕೂಗಾಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

'ಅಪ್ಪನ ಪಕ್ಕ ಕಸ ಸುರೀತೀಯೇನವ್ವಾ?'

'ಕಸ ಅಲ್ಲ ಕಣಪ್ಪಾ, ಗೊಬ್ಬರ ಆಯ್ತದೆ.'

'ನಾಳೆ ನಿನಗೆ ಹೆಚ್ಚುಕಮ್ಮಿ ಆದ್ರೆ ಎಲ್ಲಿಗೆ ತಗೊಂಡೋಗಾನ?'

'ಊರ ಸ್ಮಶಾನ ಇಲ್ವಾ? ರಾಟೆ ಹೆಂಗಸರೆಲ್ಲ ಅಲ್ಲಿಗೇ ತಾನೇ ಹೋಗೋದು. ಅವರ ಜತೆ ನಾನೂ ಹೋಯ್ತೀನಿ.'

ದಿಣ್ಣೆಯ ತೋಟವಿರುವ ಮನೆಯ ಹಿರಿಯಳು ಊರ ಸ್ಮಶಾನಕ್ಕೆ ಹೋಗುವುದೆಂದರೆ ಮಗನಿಗೆ ತಲೆ ಎತ್ತಿ ತಿರುಗಲಾರದ ಅವಮಾನ. ಅಂದಿನಿಂದ ತಾಯಿಯ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಅಡುಗೆ, ಮಾತು ಮಾತ್ರ ಸೊಸೆಯ ಮೂಲಕ. ಸೊಸೆ ಇಬ್ಬರ ಮಾತನ್ನೂ ಒರಟು ತೆಗೆದು, ನುಣುಪು ಮಾಡಿ ದಾಟಿಸುತ್ತಿದ್ದರು.

ನಾನು ವರ್ಗವಾಗಿ ಹೊರಡುವ ಮುಂಚೆ ಹೇಳಿ ಹೋಗಲು ಹೋದಾಗ ಅಧ್ಯಕ್ಷಮ್ಮ ದಿಣ್ಣೆಯ ಮೇಲಿದ್ದರು. ಹೆಂಗಸರು ರಾಶಿ ಮಗುಚುತ್ತಿದ್ದರು. ಇವರು ಗಂಡನ ಸಮಾಧಿಯ ಕಟ್ಟೆಯ ಮೇಲೆ ಬಿದ್ದ ಪುಡಿಯನ್ನು ಸೆರಗಿನಿಂದ ಒರೆಸುತ್ತಿದ್ದರು. ಗಂಡನ ಪಕ್ಕದ ಜಾಗ ಬಿಟ್ಟುಕೊಟ್ಟದ್ದು ನಿಮಗೆ ಏನೂ ಅನಿಸಲಿಲ್ಲವೇ ಎಂದು ಕೇಳಿದೆ. ಹೋಗುವವನು ಎಂಬ ಸಲುಗೆಯಿಂದ ಕೇಳಿದ್ದು. ತಮಾಷೆಯಿಂದ ಶುರು ಮಾಡಿದರು.

'ಬದುಕಿದ್ದಾಗ ಪಕ್ಕದಲ್ಲಿ ಕೂತು ಸಾಕಾಗೈತೆ ಬಿಡಿ. ಒಂದು ಮಾತಾಡೋರಲ್ಲ.'

ಕಟ್ಟೆಯ ಇನ್ನೊಂದು ಮೂಲೆ ಒರೆಸಿ, ಮತ್ತೆ ಹೇಳಿದರು: 'ನಿಜ ಹೇಳ್ಲಾ ಸಾರ್? ಇಲ್ಲೇ ಇರ್ಬೇಕು ಅಂತ ನನಗೂ ಬಾಳ ಆಸೆ ಐತೆ. ಆದ್ರೆ ಬ್ಯಾರೆ ಜಾಗ ಇಲ್ವಲ್ಲ. ನಾನೊಬ್ಬಳು ಕೂರೋ ಜಾಗಕ್ಕೆ ಅಷ್ಟು ಜನದ ರಾಟೆ ನಿಲ್ಸಾಕಾಯ್ತದಾ?'

ಆಗ ನನಗೆ ಅವರ ಮೇಲೆ ಗೌರವಕ್ಕಿಂತ ಕನಿಕರ ಹೆಚ್ಚಾಯಿತು. ಅದು ಅವರಿಗೆ ಗೊತ್ತಾಗಿರಬೇಕು, 'ಬಸ್ಸು ತಪ್ತದೆ, ನಡೀರಿ' ಎಂದು ಗದರಿ ಕಳಿಸಿದರು.

ಬಸ್ಸಿನಲ್ಲಿ ಸುದ್ದಿ ಕೇಳಿದ ವಾರದಲ್ಲೇ ಅರಸೀಕೆರೆಗೆ ಹೋಗಿ, ಕಣಕಟ್ಟೆ ದಾರಿ ಹಿಡಿದು ಆ ಊರಿಗೆ ಹೋದೆ. ಮಗ ಮನೆಯಲ್ಲಿದ್ದ. ನಾರಿನ ಶೆಡ್ಡಿನಿಂದ ಯಂತ್ರದ ಸದ್ದು ಕೇಳುತ್ತಿತ್ತು. ಕಾಫಿಯಾದ ಮೇಲೆ, ಊರ ಸ್ಮಶಾನ ಎಲ್ಲಿ, ಹೋಗಿ ಒಂದು ಹೂವು ಇಟ್ಟು ಬರುತ್ತೇನೆ ಎಂದೆ. ಮಗ ಹೆಂಡತಿಯ ಮುಖ ನೋಡಿದ. ಇಬ್ಬರೂ ನನ್ನನ್ನು ದಿಣ್ಣೆಗೆ ಕರೆದುಕೊಂಡು ಹೋದರು. ಅಲ್ಲಿ ಹಳೆಯ ಮೂರು ಸಮಾಧಿಗಳಿದ್ದವು, ಉಳಿದಲ್ಲೆಲ್ಲ ಎದೆಯೆತ್ತರದ ಪುಡಿಯ ರಾಶಿ. ಹೊಸ ಸಮಾಧಿ ಕಾಣಲಿಲ್ಲ.

ನಡೆದದ್ದನ್ನು ಸೊಸೆ ಹೇಳಿದರು. ಅತ್ತೆ ತೀರಿಕೊಂಡ ಬೆಳಿಗ್ಗೆ ಸಂಘದ ಹೆಂಗಸರು ಯಾರೂ ಕರೆಯದೆಯೇ ಮಂಕರಿ ಹಿಡಿದು ದಿಣ್ಣೆಗೆ ಬಂದರಂತೆ. ನನಗೋಸ್ಕರ ರಾಶಿ ತೆಗೆಯಬೇಡಿ ಎಂದು ಅತ್ತೆ ಹೇಳಿದ್ದಾರಲ್ಲ ಎಂದು ಸೊಸೆ ತಡೆದರಂತೆ. ಹೆಂಗಸರು, 'ಅವರು ಇರೋವರೆಗೂ ಅವರ ಮಾತು ನಾವು ಕೇಳಿದ್ದೀವಿ. ಇವತ್ತೊಂದಿನ ನಮ್ಮ ಮಾತು ಅವರು ಕೇಳ್ಲಿ' ಎಂದು ಅರೆ ಕಳಿತ ಪುಡಿಯನ್ನೆಲ್ಲ ಹೊತ್ತು ತಗ್ಗಿಗೆ ಹಾಕಿ, ಗಂಡನ ಪಕ್ಕದ ಜಾಗ ಬಿಡಿಸಿಕೊಟ್ಟರಂತೆ. ಮಗನಿಗೂ ಬೇಕಾಗಿದ್ದುದು ಅದೇ. ಅಲ್ಲೇ ಗುಣಿ ತೋಡಿ, ವಿಭೂತಿ, ಪತ್ರೆ ಹಾಕಿ ಕೂರಿಸಿ ಮಣ್ಣು ಮಾಡಿದರು. ಕಾರ್ಯಗಳೆಲ್ಲ ಮುಗಿದ ಮೇಲೆ ಕಟ್ಟೆ ಕಟ್ಟಿಸಲು ಮಗ ಕಲ್ಲು ತರಿಸಿದ, ಗಾರೆಯವನೂ ಬಂದ. ಅವತ್ತು ಮೋಡ ಕಟ್ಟಿತ್ತಂತೆ. ತಗ್ಗಿನಲ್ಲಿ ಬಿದ್ದ ಪುಡಿಯ ಮೇಲೆ ಮಳೆ ಬಿದ್ದರೆ ನೀರು ನೇರ ಕೆರೆಗೆ. ಕಟ್ಟೆ ಎದ್ದು ಸುತ್ತ ದಾರಿ ಬಿಟ್ಟರೆ ರಾಶಿಗೆ ಜಾಗ ಸಾಲದು. ರಾಶಿಯಿಲ್ಲದಿದ್ದರೆ ತೋಟದವರು ಮಟ್ಟೆ ಕೊಡುವುದಿಲ್ಲ. ಹೆಂಗಸರು ಶೆಡ್ಡಿನಲ್ಲಿ ನಿಂತ ರಾಟೆಗಳ ಮುಂದೆ ಕುಳಿತಿದ್ದರಂತೆ.

'ನಮ್ಮನೆಯವರು ಮೋಡ ನೋಡಿದ್ರು, ಕಲ್ಲು ನೋಡಿದ್ರು. ಗಾರೆಯವನನ್ನ ವಾಪಸ್ ಕಳಿಸಿ, ತಾವೇ ಮಂಕರಿ ತಗೊಂಡು ತಗ್ಗಿಗೆ ಇಳಿದ್ರು ಸಾರ್' ಎಂದರು ಸೊಸೆ. 'ಮೊದಲನೇ ಮಂಕರಿ ಅತ್ತೆ ಮೇಲೆ ಇವರೇ ಹಾಕಿದ್ದು. ಆಮೇಲೆ ಹೆಂಗಸರು ಬಂದ್ರು.'

ಮಗ ರಾಶಿಯ ಕಡೆ ನೋಡುತ್ತ ನಿಂತಿದ್ದ. 'ಕಳಿತ ಮೇಲೆ ತೋಟಗಳಿಗೆ ಹೋಯ್ತದೆ ಸಾರ್. ಆವತ್ತೊಂದಿನ ನೆಲ ಕಾಣ್ತದೆ. ಆವತ್ತೇ ಪೂಜೆ ಮಾಡಾನ ಅಂತಿದ್ದೀನಿ. ಮಾರನೇ ದಿನ ಹೊಸ ಪುಡಿ ಬೀಳ್ತದೆ.'

'ಪುಣ್ಯತಿಥಿ?'

'ಇನ್ಮೇಲೆ ಅದೇ ತಿಥಿ.'

ತಂದಿದ್ದ ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದೆ. ಮಗ ಅದನ್ನು ಇಸಿದುಕೊಂಡು ಅಪ್ಪನ ಸಮಾಧಿಯ ಮೇಲಿಟ್ಟ. ಆಮೇಲೆ ರಾಶಿಯ ಪಕ್ಕ ಬಗ್ಗಿ, ಮೇಲಿನ ಒಣಪುಡಿ ಸರಿಸಿ, 'ಕೈ ಹಾಕಿ ನೋಡಿ ಸಾರ್' ಎಂದ. ಚಪ್ಪಲಿ ಬಿಟ್ಟು, ತೋಳು ಮಡಿಸಿ, ಮೊಣಕೈವರೆಗೆ ಕೈ ಹಾಕಿದೆ. ಒಳಗೆ ಬಿಸಿಯಾಗಿತ್ತು.